ಮನೆಯ ಫೈಬರ್ ಫೋನಿಗೆ ಗೊತ್ತಿಲ್ಲದ ನಂಬರ್ ಬಂದ್ ಮಾಡಬೇಕೇ?

ಪರ: ಪೂರ್ತಿ ಬಂದ್ ಮಾಡಿ

ಈಗ ಇಂಟರ್ನೆಟ್ ಹಾಕಿಸಿಕೊಂಡರೆ ಜೊತೆಗೆ ಫೋನ್ ಲೈನೂ ಬರುತ್ತದೆ. ಫೈಬರ್ ಬಾಕ್ಸಿನ ಹಿಂದಿನ ತೂತಿಗೆ ಹಳೇ ಫೋನಿನ ವಯರ್ ಚುಚ್ಚಿದರೆ ಆಯ್ತು. ಸತ್ತೇ ಹೋಗಿದ್ದ ಲ್ಯಾಂಡ್‌ಲೈನ್ ಹೀಗೆ ಎಷ್ಟೋ ಮನೆಗಳಲ್ಲಿ ಎದ್ದು ಕೂತಿದೆ. ಆದರೆ ಅದಕ್ಕೆ ಫೋನ್ ಮಾಡುವವರು ಯಾರು? ನೆಂಟರೆಲ್ಲ ವಾಟ್ಸ್‌ಆ್ಯಪ್‌ನಲ್ಲಿದ್ದಾರೆ. ಉಳಿದವರು ಸಾಲ ಕೊಡುವವರು, ಸೈಟು ಮಾರುವವರು, ಮತ್ತೆ ಕಳ್ಳರು.

ನಮ್ಮತ್ತೆಗೆ 78 ವರ್ಷ. ಫೋನ್ ಹೊಡೆದುಕೊಂಡರೆ ಒಲೆ ಮೇಲಿನ ಹಾಲು ಬಿಟ್ಟಾದರೂ ಬಂದು ಎತ್ತುತ್ತಾರೆ. ಒಂದು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ಅತ್ತೆ ರಿಸೀವರ್ ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕನ್ನಡಕ ಏರಿಸಿ, ಫೋನಿನ ಮೇಲೆ ಬೆರಳು ಆಡಿಸುತ್ತಿದ್ದರು. ಏನು ಅಂತ ಕೇಳಿದೆ. ‘ಇನ್ನೆರಡು ಗಂಟೆಯಲ್ಲಿ ಲೈನ್ ಕಟ್ ಮಾಡ್ತಾರಂತೆ ಕಣೇ, 9 ಒತ್ತಬೇಕಂತೆ’ ಅಂದರು. ಓಡಿಹೋಗಿ ಕಸಿದುಕೊಂಡೆ. ಲೈನ್ ಕಟ್ ಮಾಡುತ್ತೇವೆ ಅಂತ ತಾನು ಯಾರಿಗೂ ಫೋನ್ ಮಾಡುವುದಿಲ್ಲ ಎಂದು ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ಪ್ರಕಟಣೆಯನ್ನೇ ಕೊಟ್ಟಿದೆ. ಅತ್ತೆ ಅದನ್ನು ಎಲ್ಲಿ ಓದಬೇಕು? ‘ಗೊತ್ತಿಲ್ಲದವರದ್ದು ಎತ್ತಬೇಡಿ’ ಅಂದರೆ, ‘ಬಾಗಿಲಿಗೆ ಬಂದವರನ್ನ ಮಾತಾಡಿಸದೆ ಕಳಿಸ್ತಾರೇನೇ?’ ಅಂತಾರೆ. ಈ ಒಳ್ಳೆಯತನವನ್ನೇ ಕಳ್ಳರು ನಂಬಿಕೊಂಡಿರುವುದು.

ನಂಬರ್ ನೋಡಿ ಎತ್ತಿ ಅನ್ನುವವರಿಗೆ ಒಂದು ಮಾತು. ಆ ನಂಬರನ್ನೇ ನಂಬುವ ಹಾಗಿಲ್ಲ. ಇಂಟರ್ನೆಟ್ ಮೂಲಕ ಬರುವ ಕರೆಯಲ್ಲಿ ಯಾರ ನಂಬರ್ ಕಾಣಬೇಕು ಅನ್ನುವುದನ್ನು ಕರೆ ಮಾಡುವವನೇ ತುಂಬಿಬಿಡಬಹುದು. ಹಾಗಾಗಿಯೇ ಹೊರದೇಶದಿಂದ ಬಂದ ಕರೆ ಇಲ್ಲಿನ ಹತ್ತಂಕಿಯ ನಂಬರಿನ ವೇಷ ಹಾಕಿಕೊಂಡು ಬರುವುದು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಸೋಸುವ ವ್ಯವಸ್ಥೆ ಶುರು ಮಾಡಿತು. ಮೊದಲ 24 ಗಂಟೆಯಲ್ಲೇ ಸಿಕ್ಕಿಬಿದ್ದ ಕರೆಗಳು 1.35 ಕೋಟಿ! ಸೋಸಿದ ಮೇಲೂ ಉಳಿದದ್ದು ನಮ್ಮ ಮನೆಗೆ ಬರುತ್ತಿದೆ.

ಒಂದೊಂದೇ ನಂಬರ್ ಬ್ಲಾಕ್ ಮಾಡುವುದು ಸುಮ್ನೆ. ನಾಳೆ ಇನ್ನೊಂದು ನಂಬರಿನಿಂದ ಬರುತ್ತಾರೆ. 1909ಕ್ಕೆ ಫೋನ್ ಮಾಡಿ ಡಿಎನ್‌ಡಿ, ಅಂದರೆ ಜಾಹೀರಾತಿನ ಕರೆ ಬೇಡ ಅನ್ನುವ ಪಟ್ಟಿಗೆ ನಂಬರ್ ಹಾಕಿಸಿದ್ದೂ ಆಯ್ತು. ನೆಟ್ಟಗಿರುವ ಕಂಪನಿಗಳು ಸುಮ್ಮನಾದವು. ಕಳ್ಳ ಡಿಎನ್‌ಡಿ ಪಟ್ಟಿ ನೋಡಿಕೊಂಡು ಬರ್ತಾನಾ? ಉಳಿದಿರುವ ದಾರಿ ಒಂದೇ. ಸೇವ್ ಮಾಡಿದ ನಂಬರ್ ಬಂದರೆ ಮಾತ್ರ ಫೋನ್ ಹೊಡೆದುಕೊಳ್ಳಲಿ. ಈ ಸೌಲಭ್ಯ ಇರುವ ಕಾರ್ಡ್‌ಲೆಸ್ ಸೆಟ್‌ಗಳು ಸಿಗುತ್ತವೆ. ಮಕ್ಕಳು, ಮೆಡಿಕಲ್ ಶಾಪ್, ಗ್ಯಾಸಿನವರು, ತಿಪಟೂರಿನ ಚಿಕ್ಕತ್ತೆ. ಇನ್ಯಾರು ಬೇಕು?

ಆಸ್ಪತ್ರೆಯಿಂದ ಅರ್ಜೆಂಟ್ ಕರೆ ಬಂದರೆ ಅಂತ ಎಲ್ಲರೂ ಕೇಳುತ್ತಾರೆ. ಈ ಕಾಲದಲ್ಲಿ ಆಸ್ಪತ್ರೆಯವರು ಲ್ಯಾಂಡ್‌ಲೈನಿಗೆ ಮಾಡ್ತಾರಾ? ಬಿಡಿ.

ವಿರೋಧ: ಎತ್ತಿದರೆ ತಪ್ಪೇನು?

ನನಗೆ ಈ ಕಡೆ ಬರೆಯಲು ಹೇಳಿದ್ದಾರೆ, ಬರೆಯುತ್ತೇನೆ. ನಮ್ಮ ಮನೆಯ ಫೋನಿನಲ್ಲೂ ಕೆಲವು ನಂಬರ್ ಬಂದ್ ಆಗಿವೆ, ಅದು ಬೇರೆ ಮಾತು.

ಪರ ಬರೆದವರಿಗೆ ಫೋನ್ ಇರಬೇಕು, ಆದರೆ ಹೊಡೆದುಕೊಳ್ಳಬಾರದು. ಹಾಗಾದರೆ ವಯರ್ ಕಿತ್ತು ಅಟ್ಟಕ್ಕೆ ಹಾಕಿದರೆ ಇನ್ನೂ ಸುಲಭ, ಅಲ್ವಾ? ಜಾಹೀರಾತಿನವರಿಗೆ 140ರ ಸರಣಿ, ಅಂದರೆ 140ರಿಂದ ಶುರುವಾಗುವ ನಂಬರ್ ಕೊಟ್ಟಿದ್ದಾರೆ. ಬ್ಯಾಂಕಿನವರಿಗೆ 1600ರ ಸರಣಿ ಬಂದಿದೆ. ಮೊದಲನೆಯದು ಬಿಟ್ಟು ಎರಡನೆಯದು ಎತ್ತಬಹುದು. ಪೂರ್ತಿ ಬಂದ್ ಮಾಡಿದರೆ ಎರಡೂ ಹೋಯ್ತು. ಇನ್ನೊಂದು, ಪೊಲೀಸರ ವೇಷದಲ್ಲಿ ಫೋನಿನಲ್ಲೇ ‘ನಿಮ್ಮನ್ನು ಬಂಧಿಸಿದ್ದೇವೆ’ ಅಂತ ಹೆದರಿಸಿ ದುಡ್ಡು ಕೀಳುವ ‘ಡಿಜಿಟಲ್ ಅರೆಸ್ಟ್’ ಅಂದರೆ ಏನು ಅಂತ 2024ರ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ ಧ್ವನಿ ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕರೆಯದ್ದು. ಅವರು ಎತ್ತದೇ ಹೋಗಿದ್ದರೆ ಅದು ದೇಶಕ್ಕೆ ಕೇಳಿಸುತ್ತಿರಲಿಲ್ಲ. ವಾದ ಸ್ವಲ್ಪ ಎಳೆದ ಹಾಗಾಯಿತು, ಗೊತ್ತು.

ಆದರೆ ನಮ್ಮ ಭಾವನ ವಿಷಯ ಹೇಳಲೇಬೇಕು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಲ್ಲಿ ಅವರ ಫೋನು, ಪರ್ಸು ಎರಡೂ ಹೋದವು. ಹೆಂಡತಿಯ ಮೊಬೈಲ್ ನಂಬರ್ ಬಾಯಿಗೆ ಬರಲಿಲ್ಲ, ಮಗನದ್ದೂ ಇಲ್ಲ. ನೆನಪಿದ್ದದ್ದು ನಮ್ಮ ಮನೆಯ ಲ್ಯಾಂಡ್‌ಲೈನ್ ಒಂದೇ. ತಾಮ್ರದ ತಂತಿ ಹೋಗಿ ಫೈಬರ್ ಬಂದರೂ ನಂಬರ್ ಹಳೆಯದೇ. ಟೀ ಅಂಗಡಿಯವನ ಫೋನಿನಿಂದ ಮಾಡಿ, ‘ನಾನು ಕಣಯ್ಯ, ಫೋನು, ಪರ್ಸು ಎಲ್ಲ ಹೋಯ್ತು, ಈ ನಂಬರಿಗೆ ಅರ್ಜೆಂಟ್ ಐನೂರು ಹಾಕು’ ಅಂದರು. ಮೋಸದವರು ಹೇಳುವುದೂ ಅಕ್ಷರಶಃ ಇದನ್ನೇ! ಧ್ವನಿಯೂ ಆ ಗಲಾಟೆಯಲ್ಲಿ ಯಾರದ್ದೋ ಅನ್ನಿಸಿತು. ‘ನಮ್ಮ ಮನೆ ನಾಯಿ ಹೆಸರು ಹೇಳಿ’ ಅಂದೆ.

‘ನಿಮ್ಮನೇಲಿ ನಾಯಿ ಎಲ್ಲಿದೆಯಯ್ಯಾ?’ ಅಂತ ರೇಗಿದರು.

ಅದೇ ಸರಿಯಾದ ಉತ್ತರ. ದುಡ್ಡು ಹಾಕಿದೆ. ರಾತ್ರಿ ಮನೆಗೆ ಬಂದವರು ಊಟ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಆ ಟೀ ಅಂಗಡಿಯವನ ನಂಬರನ್ನು ನಾನು ಮೊದಲೇ ಸೇವ್ ಮಾಡಿಟ್ಟುಕೊಂಡಿರಬೇಕಿತ್ತೇ? ಪರ ಬರೆದವರೇ ಹೇಳಲಿ.