ಮಳೆ ನಿಲ್ಲಲಿ ಅಣ್ಣ, ಬರ್ತೇವೆ

ಕೊಡಗಿನ ಒಂದು ಮನೆಗೆ ಬಿಸಿನೀರು ತರಲು ಮೂವರು ಬೇಕು. ಗೋಡೆ ಒಡೆಯಲು ಮೇಸ್ತ್ರಿ, ಪೈಪ್ ಎಳೆಯಲು ಪ್ಲಂಬರ್, ನೀರು ಕಾಯಿಸುವ ಕಾಯಿಲ್‌ಗೆ ಕರೆಂಟು ಕೊಡಲು ಎಲೆಕ್ಟ್ರಿಷಿಯನ್. ಮೂವರನ್ನೂ ಒದಗಿಸುವ ಕಂಟ್ರಾಕ್ಟರ್ ನಾಲ್ಕನೆಯವರು. ಅಡ್ವಾನ್ಸ್ ಪಡೆಯುವ ತನಕ ಅವರೇ ಫೋನ್ ಮಾಡುತ್ತಾರೆ, ಆಮೇಲೆ ನಾವು ಮಾಡುತ್ತೇವೆ. ಏನೇ ಕೆಟ್ಟರೂ ಅದು ಒಬ್ಬರ ಕೆಲಸ ಮುಗಿದು ಇನ್ನೊಬ್ಬರದ್ದು ಶುರುವಾಗುವ ಜಾಗದಲ್ಲೇ ಕೆಡುತ್ತದೆ. ಪೈಪು ತಾಮ್ರದ ಡ್ರಮ್ಮಿಗೆ ಕೂಡುವಲ್ಲಿ, ಚಿಮಣಿ ಹೆಂಚು ದಾಟುವಲ್ಲಿ, ವೈರು ಪೈಪಿನ ಪಕ್ಕ ಹಾಯುವಲ್ಲಿ. ಕೇಳಿದರೆ ಮೂವರದ್ದೂ ಒಂದೇ ಉತ್ತರ: "ಅದು ನಮ್ಮ ಕೆಲ್ಸ ಅಲ್ಲ ಅಣ್ಣ."

ಸೌದೆ ಬಾಯ್ಲರನ್ನೇ ನೋಡಿ. ತೋಟದ ಮರಕಪಾತಿನಲ್ಲಿ, ಅಂದರೆ ನೆರಳಿನ ಮರ ಸವರುವಾಗ, ಬಿದ್ದ ಕೊಂಬೆಗಳಿಂದಲೇ ನಡೆಯುವ, ಕರೆಂಟಿಲ್ಲದ ಜುಲೈಯಲ್ಲೂ ಕೈಬಿಡದ ವಸ್ತು. ತಾಮ್ರದ ಡ್ರಮ್ಮು, ಅದರ ನಡುವೆ ಹೊಗೆ ಹೋಗುವ ಕೊಳವೆ, ಕೆಳಗೆ ಒಲೆ. ತಣ್ಣೀರು ತಳಕ್ಕೆ ಬರಬೇಕು, ಬಿಸಿನೀರು ತಲೆಯಿಂದ ಹೋಗಬೇಕು. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ; ತಳಕ್ಕೆ ಬಂದ ತಣ್ಣೀರು ಅದರೊಂದಿಗೆ ಬೆರೆಯದೆ ಅದನ್ನು ಮೇಲಕ್ಕೆ ತಳ್ಳಲಿ ಎಂದೇ ಈ ಏರ್ಪಾಡು. ಇಷ್ಟು ಸರಳವಾದದ್ದನ್ನು ಕೆಡಿಸಲು ಪ್ರತಿಭೆ ಬೇಕು. ನಮ್ಮಲ್ಲಿ ಅದಕ್ಕೆ ಬರವಿಲ್ಲ. ಎರಡೂ ಪೈಪುಗಳನ್ನು ಅದಲುಬದಲು ಮಾಡಿ ಹೋಗುತ್ತಾರೆ. ಅರ್ಧ ಬಕೆಟ್ ಬಿಸಿ ಬಂದು ಉಳಿದದ್ದು ಉಗುರುಬೆಚ್ಚಗೆ ಬಂದಾಗ "ಸೌದೆ ಹಸಿ ಇರ್ಬೇಕು" ಎನ್ನುತ್ತಾರೆ.

ಪೈಪಿನದ್ದು ಇನ್ನೂ ಸೊಗಸು. ತಣ್ಣೀರಿಗೆ ಹಾಕುವ ಬಿಳಿ ಯುಪಿವಿಸಿ ಪ್ಲಾಸ್ಟಿಕ್ ಪೈಪು 60 ಡಿಗ್ರಿಗೇ ಸೊರಗತೊಡಗುತ್ತದೆ. ಬಿಸಿನೀರಿನ ಸಿಪಿವಿಸಿಯ ಮಿತಿ 93 ಡಿಗ್ರಿ. ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ನೀರು ಕುದಿಯುವುದು ಸುಮಾರು 96ಕ್ಕೆ. ಅಂದರೆ ನೆಂಟರು ಬಂದ ದಿನ ಯಾರಾದರೂ ನಾಲ್ಕು ಕೊಂಬೆ ಹೆಚ್ಚು ತುರುಕಿದರೆ ಒಳ್ಳೆಯ ಪೈಪೂ ಸೋಲುತ್ತದೆ. ಅದಕ್ಕೇ ಡ್ರಮ್ಮಿನಿಂದ ಮೊದಲ ನಾಲ್ಕೈದು ಅಡಿ ತಾಮ್ರ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಇರಬೇಕು. ಜಿಐಯನ್ನು ತಾಮ್ರಕ್ಕೆ ನೇರ ತಿರುಪಿದರೆ ಸತು ತಿಂದುಹೋಗಿ ಜಾಯಿಂಟಿನ ಹತ್ತಿರವೇ ತುಕ್ಕು ಹಿಡಿಯುತ್ತದೆ; ನಡುವೆ ಒಂದು ಹಿತ್ತಾಳೆ ಯೂನಿಯನ್ ಹಾಕಬೇಕು. ಹಿತ್ತಾಳೆ ಯೂನಿಯನ್ನಿನ ದುಡ್ಡು ಬಿಲ್ಲಿನಲ್ಲಿ ಇರುತ್ತದೆ. ಜಾಯಿಂಟಿನಲ್ಲಿ ಮೆತ್ತುವ ಅಂಟು ಎಂ-ಸೀಲ್ ಇರುತ್ತದೆ.

ಡ್ರಮ್ಮಿನ ನೆತ್ತಿಯಿಂದ ಏಳುವ ವೆಂಟ್ ಪೈಪಿನ ವಿಷಯ ಬಂದರೆ ಮಾತ್ರ ನಗು ನಿಲ್ಲಬೇಕು. ಅದು ತಣ್ಣೀರು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಹೋಗಿ, ಬಾಯಿ ತೆರೆದೇ ಇರಬೇಕು. ಉಗಿ ಹೊರಹೋಗುವ ದಾರಿ ಅದು. ಎತ್ತರ ಕಡಿಮೆ ಇಟ್ಟರೆ ಅದರಿಂದ ನೀರು ಸುರಿಯುತ್ತದೆ. ಸುರಿಯುತ್ತದೆ ಎಂದು ದೂರು ಕೊಟ್ಟರೆ ಪ್ಲಂಬರ್ ಬಂದು ಅದಕ್ಕೊಂದು ಗೇಟ್ ವಾಲ್ವ್ ಹಾಕಿ, ಬಿಗಿಯಾಗಿ ಮುಚ್ಚಿ, ಕೈ ಒರೆಸಿಕೊಳ್ಳುತ್ತಾರೆ. ಗೀಸರಾದರೆ ತಾನಾಗಿ ಆಫ್ ಆದೀತು. ಸೌದೆಗೆ ಸ್ವಿಚ್ ಇಲ್ಲ. ವಾಲ್ವ್ ಹಾಕಿದ ಆ ಬಾಯ್ಲರು ಬಚ್ಚಲಿನ ಗೋಡೆಯಾಚೆ ಕಾದು ಕುಳಿತ ಬಾಂಬು. ಒಲೆ ಹೊತ್ತಿಸುವ ಮುಂಚೆ ಮಾಡಬೇಕಾದದ್ದು ಒಂದೇ: ಆ ವಾಲ್ವನ್ನು ಬಿಚ್ಚಿ ಎಸೆದು ಪೈಪನ್ನು ಎತ್ತರಿಸುವುದು.

ಚಿಮಣಿಗೆ ಬರೋಣ. ಹೊಗೆ ಮೇಲೇರಬೇಕಾದರೆ ಚಿಮಣಿ ಮಾಡಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲಿರಬೇಕು, ತಲೆಗೊಂದು ಟೋಪಿ ಬೇಕು, ದಾರಿಯಲ್ಲಿ ತಿರುವು ಕಡಿಮೆ ಇರಬೇಕು. ನಮ್ಮವರು ಎರಡು ಎಲ್ಬೋ ಹಾಕಿ, ಸೂರಿನಡಿಯಲ್ಲೇ ಬಾಯಿ ತೆರೆದು, ಅದನ್ನೂ ಪಡುವಣಕ್ಕೆ ಮುಖಮಾಡಿ ಬಿಡುತ್ತಾರೆ. ಜೂನಿನಿಂದ ಗಾಳಿ ನೈಋತ್ಯದಿಂದ ಬೀಸುತ್ತದೆ. ಹೊಗೆ ಬಂದ ದಾರಿಯಲ್ಲೇ ವಾಪಸ್ಸು ಹೋಗಿ ಒಲೆಯ ಬಾಯಿಂದ ಹೊರಬರುತ್ತದೆ. ಇನ್ನು ಚಿಮಣಿ ಹೆಂಚು ದಾಟುವ ತೂತು. ಮೇಸ್ತ್ರಿ ಅದರ ಸುತ್ತ ಸಿಮೆಂಟು ಮೆತ್ತಿ ತಟ್ಟುತ್ತಾರೆ. ತಗಡು ಬಿಸಿಗೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಸಿಮೆಂಟಿಗೆ ಎರಡೂ ಗೊತ್ತಿಲ್ಲ. ಕೆಲವೇ ದಿನಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಮೊದಲ ಮಳೆಗೆ ಕೊಳವೆಯ ಹೊರಮೈಗುಂಟ ಮಸಿನೀರು ಇಳಿದು, ಹೊಸ ಬಣ್ಣದ ಗೋಡೆಯ ಮೇಲೆ ಕಾವೇರಿಯ ನಕ್ಷೆ ಬರೆಯುತ್ತದೆ. ಬೇಕಿದ್ದದ್ದು ಇಷ್ಟೇ: ತೂತಿನ ಮೇಲೆ ಕೊಳವೆಗೇ ಬಿಗಿದ, ಛತ್ರಿಯಂತೆ ಇಳಿಬಿದ್ದ ಒಂದು ತಗಡಿನ ಕಾಲರು.

ಸೋಲಾರ್ ಹಾಕಿಸಿದವರು ಬುದ್ಧಿವಂತರೆಂದುಕೊಳ್ಳಬೇಡಿ. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ದಕ್ಷಿಣಕ್ಕೆ ಸಿಲ್ವರ್ ಓಕ್ ಸಾಲಿದೆ, ಅದರ ಮೇಲೆ ಕಾಳುಮೆಣಸಿನ ಬಳ್ಳಿಯಿದೆ. ಮರ ಕಡಿಯುವಂತಿಲ್ಲ, ಜಾಗ ಬದಲಿಸುವಷ್ಟು ಪೈಪ್ ತಂದಿಲ್ಲ. ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಇಳಿಜಾರು ಮಾಡಿನ ಮನೆಯಲ್ಲಿ ಸೋಲಾರ್ ಹೆಂಚಿನ ಮೇಲೆ ಹತ್ತಿ, ತಣ್ಣೀರು ಟ್ಯಾಂಕ್ ಕೆಳಗೆ ಉಳಿಯುತ್ತದೆ. ಸ್ಟ್ಯಾಂಡು ಮಾಡಿಸುವ ಬದಲು ಪ್ರೆಶರ್ ಪಂಪು ಹಾಕುತ್ತಾರೆ. ಒತ್ತಡಕ್ಕೆಂದು ಮಾಡದ ಟ್ಯಾಂಕು ಉಬ್ಬಿ, ಬೆಸುಗೆ ಬಿಟ್ಟು, ಮಳೆಯೂ ಅದೂ ಒಟ್ಟಿಗೇ ಸುರಿಯುವುದರಿಂದ ಸೋರಿಕೆ ಗೊತ್ತಾಗುವುದೇ ಇಲ್ಲ.

ಬಿಸಿಲಿಲ್ಲದ ದಿನಕ್ಕೆ ಕಾಯಿಲ್ ಇದೆಯಲ್ಲ ಎನ್ನುತ್ತಾರೆ. 200 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು 2 ಕಿಲೋವ್ಯಾಟ್ ಕಾಯಿಲ್‌ಗೆ ಸುಮಾರು 5 ಗಂಟೆ ಬೇಕು. ವೋಲ್ಟೇಜು 160ಕ್ಕೆ ಇಳಿದರೆ ಅದರ ಕಸುವು ಅರ್ಧಕ್ಕಿಳಿದು 10 ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಎಲ್ಲಾದರೂ ಲೈನಿನ ಮೇಲೆ ಮರ ಬಿದ್ದಿರುತ್ತದೆ. ಈ ಕಾಯಿಲ್‌ಗೆ 2.5 ಚದರ ಮಿಲಿಮೀಟರ್ ವೈರು, 16 ಆಂಪಿಯರ್ ಸಾಕೆಟ್ಟು, ಬೇರೆಯೇ ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಬೇಕು. ಸಿಗುವುದು ಬಚ್ಚಲ ಬಲ್ಬಿನ ಲೈನು. ಅರ್ಥಿಂಗ್ ವೈರು ಬೋರ್ಡಿನವರೆಗೆ ಹಸಿರಾಗಿ ಬಂದು ಅಲ್ಲಿಗೇ ಮುಗಿಯುತ್ತದೆ. ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಅದು ನಿಮ್ಮ ಪ್ರಾಣ ಕಾಯುತ್ತಿದೆ ಎಂದರ್ಥ. "ಅದರದ್ದೇ ರಗಳೆ" ಎಂದು ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿ ರಗಳೆ ತಪ್ಪಿಸುತ್ತಾರೆ.

ಸರಿಪಡಿಸಲು ಯಾವಾಗ ಬರುತ್ತಾರೆ? ಜೂನಿನಲ್ಲಿ ಮಾಡು ಹತ್ತಲಾಗದು. ಜುಲೈ ಮಧ್ಯದಿಂದ ಕೊಡವರ ಕಕ್ಕಡ ಮಾಸ, ಕೆಲಸ ಹಿಡಿಯುವಂತಿಲ್ಲ. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ, ಅಕ್ಟೋಬರಿನಲ್ಲಿ ತೀರ್ಥೋದ್ಭವ, ಆಮೇಲೆ ಹುತ್ತರಿ ಹಬ್ಬ ಕಳೆಯಲಿ ಎನ್ನುತ್ತಾರೆ. ಹುತ್ತರಿ ಕಳೆದರೆ ಕಾಫಿ ಕೊಯ್ಲು, ಆಳುಗಳೆಲ್ಲ ತೋಟದಲ್ಲಿ. ಮಾರ್ಚಿಗೆ ಬಿಸಿಲು ಬಂದು ಸೋಲಾರ್ ತಾನಾಗಿ ಕುದಿಯತೊಡಗಿದ ಮೇಲೆ ಬಂದು, ನೀರು ಮುಟ್ಟಿ, "ಈಗ ಸರಿ ಇದೆಯಲ್ಲ" ಎಂದು ಬಾಕಿ ಕೇಳುತ್ತಾರೆ.

ಹೋಗುವಾಗ ಪರಿಹಾರವನ್ನೂ ಸೂಚಿಸುತ್ತಾರೆ: ಒಂದು ಗ್ಯಾಸ್ ಗೀಸರ್ ಹಾಕಿಬಿಡೋಣ. ಗ್ಯಾಸ್ ಗೀಸರ್ ಉರಿಯುವಾಗ ಕೋಣೆಯ ಆಮ್ಲಜನಕ ತಿನ್ನುತ್ತದೆ, ಗಾಳಿ ಸಾಲದಾದರೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕಿಟಕಿ ಮುಚ್ಚಿ ಸ್ನಾನಕ್ಕಿಳಿದವರು ಬಾಗಿಲು ತೆರೆಯದೇ ಹೋದದ್ದಿದೆ. ಗೀಸರ್ ಇರಬೇಕಾದದ್ದು ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಯ ಮೇಲೆ; ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ. ಇದನ್ನು ಹೇಳಿದರೆ ಕಂಟ್ರಾಕ್ಟರ್ ಒಪ್ಪುವುದಿಲ್ಲ. "ಹೊರಗೆ ಹಾಕಿದ್ರೆ ಮಳೆಗೆ ನೆನೆಯುತ್ತೆ ಅಣ್ಣ, ಒಳಗೇ ಇರ್ಲಿ." ಇಡೀ ಕೆಲಸದಲ್ಲಿ ಕೊಡಗಿನಲ್ಲಿ ಮಳೆ ಬರುತ್ತದೆ ಎಂಬುದು ಅವರಿಗೆ ನೆನಪಾಗುವುದು ಇಲ್ಲೊಂದೇ ಕಡೆ.