ಆರು ತಿಂಗಳ ಮೇಲೆ ಬಂದ ಫೋನ್

ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ಆರು ತಿಂಗಳಿಗೆ ನನಗೊಂದು ಫೋನ್ ಬಂತು. ನಾನಿರುವುದು ಮೆಲ್ಬರ್ನಿನಲ್ಲಿ. ಬಿಲ್ ಬಾಕಿ ಇರಬೇಕು ಅಂದುಕೊಂಡೆ. ಅದಲ್ಲ. ಓಡಾಡೋಕೆ ಆಗ್ತಿದೆಯಾ, ಸ್ನಾನ ನೀವೇ ಮಾಡ್ತೀರಾ, ಕೆಲಸಕ್ಕೆ ವಾಪಸ್ ಹೋದ್ರಾ, ನೋವು ಎಷ್ಟಿದೆ, ಮನಸ್ಸಿಗೆ ಕಳವಳ ಇದೆಯಾ ಅಂತ ಕೇಳಿದರು.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2001ರಿಂದ ಟ್ರಾಮಾ ರಿಜಿಸ್ಟ್ರಿ, ಅಂದರೆ ಗಾಯಾಳುಗಳ ದಾಖಲೆ ಇಡುವ ವ್ಯವಸ್ಥೆ ಇದೆ. ಫೋನ್ ಮಾಡಿದ್ದು ಅವರೇ. ಭಾರಿ ಪೆಟ್ಟು ತಿಂದು ಉಳಿದವರಿಗೆ 6, 12, 24 ತಿಂಗಳಾದಾಗ ಫೋನ್ ಮಾಡಿ ವಿಚಾರಿಸುತ್ತಾರೆ. ಜೀವ ಉಳಿಯಿತು ಅಂದ ಮಾತ್ರಕ್ಕೆ ಲೆಕ್ಕ ಮುಗಿಸುವುದಿಲ್ಲ.

ಹಾಗಂತ ಇಲ್ಲಿನದೆಲ್ಲ ಚಿನ್ನವೇನಲ್ಲ. ಎಮರ್ಜೆನ್ಸಿಯಲ್ಲಿ ನನ್ನ ಕುತ್ತಿಗೆಗೆ ಕಾಲರ್ ಹಾಕಿ ಅಂಗಾತ ಮಲಗಿಸಿದ್ದರು. ಕಾಣುತ್ತಿದ್ದದ್ದು ಸೀಲಿಂಗಿನ ದೀಪ ಮಾತ್ರ. ಪ್ಯಾಂಟನ್ನು ಕತ್ತರಿಯಲ್ಲಿ ಕತ್ತರಿಸಿದರು. ತಲೆಯ ಮೇಲೆ ಮಾತು ಓಡಾಡುತ್ತಿತ್ತು, ನನ್ನ ಜೊತೆಗಲ್ಲ. ನೋವಿಗಿಂತ ಜಾಸ್ತಿ ಕಾಡಿದ್ದು ಮುಂದೇನು ಅಂತ ಗೊತ್ತಿಲ್ಲದಿರುವುದು. ಊರಲ್ಲಾಗಿದ್ದರೆ ಪಕ್ಕದಲ್ಲಿ ಯಾರಾದರೂ ನಮ್ಮವರು ನಿಂತು ಕೈ ಹಿಡಿದುಕೊಂಡಿರುತ್ತಿದ್ದರು. ಆ ಹೊತ್ತಿಗೆ ಅದೂ ಮದ್ದೇ.

ಆದರೆ ನಮ್ಮಲ್ಲಿ ಒಂದು ಎಡವಟ್ಟಿದೆ. ಡಾಕ್ಟರು ಪೇಶೆಂಟನ್ನು ಕೇಳಿದರೆ ಉತ್ತರ ಕೊಡೋದು ಮನೆಯವರು. ನಡೀತಾನಾ, ಊಟ ಮಾಡ್ತಾನಾ ಅನ್ನೋದನ್ನು ಅವರು ಸರಿಯಾಗಿಯೇ ಹೇಳಬಲ್ಲರು, ಕಣ್ಣಿಗೆ ಕಾಣುತ್ತದಲ್ಲ. ನೋವು, ಭಯ, ಬೇಸರ ಕಾಣುವುದಿಲ್ಲ. ಅಲ್ಲೇ ಮನೆಯವರ ಮಾತಿಗೂ ಪೇಶೆಂಟಿನ ಮಾತಿಗೂ ತಾಳೆ ತಪ್ಪೋದು. ಇಲ್ಲಿಯೂ ಪೇಶೆಂಟಿಗೆ ಮಾತಾಡಲು ಆಗದಿದ್ದರೆ ಮನೆಯವರನ್ನೇ ಕೇಳುತ್ತಾರೆ, ನಿಜ. ಆದರೆ ಮೊದಲು ಕೇಳುವುದು ಪೇಶೆಂಟನ್ನೇ. ನಮ್ಮ ಆಸ್ಪತ್ರೆಗಳು ಫೋನ್ ಮಾಡುವಷ್ಟು ಜನರನ್ನು ಎಲ್ಲಿಂದ ತರಬೇಕು ಅಂತೀರಾ? ಸರಿ, ಹೊಲಿಗೆ ಬಿಚ್ಚಿಸಲು ಬಂದವನನ್ನೇ ಎರಡು ನಿಮಿಷ ಒಬ್ಬನನ್ನೇ ಕೂರಿಸಿ ಕೇಳಬಹುದಲ್ವಾ?

ನನ್ನ ಚಿಕ್ಕಮ್ಮನ ಮಗನಿಗೂ ಹೋದ ವರ್ಷ ಆಕ್ಸಿಡೆಂಟ್ ಆಗಿತ್ತು. ನನಗೆ ಬಂದ ಪ್ರಶ್ನೆಗಳನ್ನೇ ಅವನಿಗೂ ಕೇಳೋಣ ಅಂತ ಫೋನ್ ಮಾಡಿದೆ.

‘ಈಗ ಪೂರ್ತಿ ಆರಾಮಾಗಿದ್ದಾನಪ್ಪಾ,’ ಅಂದರು ಚಿಕ್ಕಮ್ಮ.

‘ಅವನ ಕೈಗೇ ಕೊಡಿ ಚಿಕ್ಕಮ್ಮ.’

ಅವನು ಫೋನ್ ಹಿಡಿದುಕೊಂಡು ಹೊರಗೆ ಬಂದ. ಬಾಗಿಲು ಹಾಕಿದ ಸದ್ದು ಕೇಳಿಸಿತು.

‘ಅಣ್ಣಾ, ರಾತ್ರಿ ಬ್ರೇಕ್ ಸದ್ದು ಕೇಳಿದ್ರೆ ಎದ್ದು ಕೂತ್ಕೋತೀನಿ. ಯಾರಿಗೂ ಹೇಳಿಲ್ಲ. ಯಾರೂ ಕೇಳ್ಲೂ ಇಲ್ಲ.’