ಸೈಡ್ ಕಟ್ ಆದ ಟೈರೂ ನಮ್ಮ ಮಾವನವರೂ

ಪುಣೆಯ ಟೈರ್ ಅಂಗಡಿಯವರಿಗೆ ಎರಡು ಮುಖ ಇರುತ್ತವೆ. ಮೊಳೆ ಟೈರಿನ ನಡುವೆ, ರಸ್ತೆಗೆ ತಾಗುವ ಪಟ್ಟಿಯಲ್ಲಿ ಚುಚ್ಚಿದ್ದರೆ ಮೊದಲನೇ ಮುಖ. ಇಕ್ಕಳದಲ್ಲಿ ಮೊಳೆ ಎಳೆದು, ತೂತಿಗೆ ಅಂಟಂಟು ದಾರ ತುರುಕಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತಾ ನೋಡಿ, ನಗುನಗುತ್ತಾ ಕಳಿಸುತ್ತಾರೆ. ಅದೇ ಮೊಳೆ ನಾಲ್ಕು ಬೆರಳು ಪಕ್ಕಕ್ಕೆ ಹೋಗಿತ್ತೋ, ಎರಡನೇ ಮುಖ. "ತಾಈ, ಸೈಡ್ ಕಟ್ ಆಹೆ. ಹಾ ಗೇಲಾ" ಅನ್ನುತ್ತಾರೆ. ಇದು ಹೋಯ್ತು ಅಂತ. ಆಮೇಲೆ ಆ ಟೈರನ್ನು ಮುಟ್ಟುವುದೂ ಇಲ್ಲ. ಹೊಸ ಟೈರಿನ ರೇಟು ಮಾತ್ರ ಯಾರೂ ಕೇಳದೇ ಇದ್ದರೂ ಬಾಯಿಗೆ ಬರುತ್ತದೆ.

ನಮ್ಮನೆಯವರಿಗೆ ಈ ಎರಡನೇ ಮುಖದ ಪರಿಚಯವೇ ಜಾಸ್ತಿ. ಕೋಥ್ರೂಡ್‌ನಲ್ಲಿ ನಾವಿರುವ ಸೊಸೈಟಿಯ ಗೇಟಿನ ಹತ್ತಿರ ಒಂದು ಕಬ್ಬಿಣದ ಆ್ಯಂಗಲ್ ನೆಲದಿಂದ ಅರ್ಧ ಗೇಣು ಎದ್ದು ನಿಂತಿತ್ತು. ಎದುರಿಂದ ಟ್ಯಾಂಕರ್ ಬಂದು ಸ್ವಲ್ಪ ಎಡಕ್ಕೆ ಸರಿದರೆ ಸಾಕು, ಚರ್ ಅಂತ ಸದ್ದು. ಬಿ ವಿಂಗಿನವರದ್ದು ಆಯ್ತು, ಡಿ ವಿಂಗಿನ ಡಾಕ್ಟರದ್ದು ಆಯ್ತು, ನಮ್ಮದೂ ಆಯ್ತು. ಸೊಸೈಟಿ ಮೀಟಿಂಗಿನಲ್ಲಿ ಪ್ರತಿ ಸಲ ವಿಷಯ ಬರುತ್ತಿತ್ತು, ಸಮೋಸಾ ಖಾಲಿಯಾದ ಕೂಡಲೇ ಹೋಗುತ್ತಿತ್ತು. ಕೊನೆಗೆ ಅಧ್ಯಕ್ಷರ ಹೊಸ ಕಾರಿಗೇ ಆಯ್ತು ನೋಡಿ, ಮರುದಿನ ಬೆಳಿಗ್ಗೆ ಗ್ರೈಂಡರ್ ಹಿಡಿದ ಹುಡುಗ ಗೇಟಿನಲ್ಲಿ ಕೂತಿದ್ದ. ಅಂಚು ಉರುಟಾಗಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ನಮ್ಮ ಮಾವನವರು ಹುಬ್ಬಳ್ಳಿ ಕಡೆಯವರು. ಸಾರಿಗೆ ಡಿಪೋದ ಟೈರ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ನಮ್ಮ ಟೈರಿನ ಪಕ್ಕದಲ್ಲಿ ಬಾಯಿ ಬಿಟ್ಟುಕೊಂಡ ಸೀಳಿನೊಳಗೆ ಬೆರಳು ಹಾಕಿ, ಒಳಗಿನಿಂದ ಇಣುಕುತ್ತಿದ್ದ ಬಿಳೀ ದಾರ ಎಳೆದು ನೋಡಿ, "ಏನವಾ ಇದು, ಇದು ಟೈರೋ ಹಪ್ಪಳೋ?" ಅಂದರು. ಅವರ ಕಾಲದ ಬಸ್ಸಿನ ಟೈರಿನ ಮೇಲೆ 16 ಪಿಆರ್, ಅಂದರೆ ಪ್ಲೈ ರೇಟಿಂಗ್, ಅಂತ ಬರೆದಿರುತ್ತಿತ್ತಂತೆ. ಹದಿನಾರು ಪದರ! ಕಲ್ಲೇ ಒಡೀಬೇಕು, ಟೈರ್ ಒಡೀಬಾರದು!

ನನ್ನ ಗಂಡ ಚಾಕಣದಲ್ಲಿ ರಬ್ಬರ್ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿದ್ದಾರೆ. ಸುಮ್ನೆ ಇರಬಹುದಿತ್ತು. ಇರಲಿಲ್ಲ. "ಅಪ್ಪಾ, 16 ಪಿಆರ್ ಅಂದ್ರ ಹದಿನಾರು ಪದರ ಅಲ್ಲ. ಹಳೇ ಕಾಲದ ಹತ್ತಿ ದಾರದ ಹದಿನಾರು ಪದರಕ್ಕ ಸಮ ಅಂತ ಅರ್ಥ. ನೈಲಾನ್ ಬಂದ ಮ್ಯಾಲೆ ಪದರ ಕಡಿಮಿನ ಇರತಿದ್ದವು" ಅಂದುಬಿಟ್ಟರು. ಆವತ್ತು ರಾತ್ರಿ ಮಾವನವರು ಮೊಸರನ್ನ ಬೇಡ ಅಂದರು.

ಆದರೆ ಮಾವನವರ ಪ್ರಶ್ನೆ ಸರಿಯಾದದ್ದೇ ಅಲ್ವಾ? ರಸ್ತೆಗೆ ತಾಗುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳನ್ನೇ ಹಾಕುತ್ತಾರೆ, ಪಕ್ಕಕ್ಕೆ ಮಾತ್ರ ಬರೀ ಪಾಲಿಯೆಸ್ಟರ್ ದಾರ, ಮೇಲೊಂದಿಷ್ಟು ರಬ್ಬರ್. ಯಾಕೆ ಹೀಗೆ? ಗಂಡ ಹೇಳುವ ಪ್ರಕಾರ, ಪಕ್ಕ ಬಾಗಬೇಕು. ಗಾಡಿಯ ಭಾರಕ್ಕೆ ಟೈರಿನ ಕೆಳಭಾಗ ಉಬ್ಬುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ, ಮತ್ತೆ ಉಬ್ಬುತ್ತದೆ. ಗಂಟೆಗೆ 80 ಕಿಲೋಮೀಟರ್ ಓಡುವಾಗ ನಮ್ಮ ಪುಟ್ಟ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ಸುತ್ತುತ್ತದೆ. ಅಂದರೆ ಸೆಕೆಂಡಿಗೆ 11 ಸಲ ಅದೇ ಜಾಗ ಬಾಗಿ ನೆಟ್ಟಗಾಗಬೇಕು. ದಪ್ಪ ಮಾಡಿದರೆ ಬಿಸಿ ಜಾಸ್ತಿ, ಪೆಟ್ರೋಲ್ ಜಾಸ್ತಿ, ಕೂತವರ ಬೆನ್ನಿಗೆ ಪೆಟ್ಟೂ ಜಾಸ್ತಿ. ಅಂಗಡಿಯವರು ಅಲ್ಲಿ ಪಂಕ್ಚರ್ ಹಾಕುವುದಿಲ್ಲ ಅನ್ನುವುದೂ ಇದಕ್ಕೇ. ಈ ಕುಣಿತದಲ್ಲಿ ತುರುಕಿದ ದಾರ ಎಷ್ಟು ಹೊತ್ತು ನಿಂತೀತು?

"ಲಾರಿ ರೇಡಿಯಲ್‌ಗೆ ಪಕ್ಕಕ್ಕೂ ಉಕ್ಕಿನ ತಂತಿ ಇರತೈತಿ, ನಾ ನೋಡೇನಿ" ಮಾವನವರು ಬಿಡಲಿಲ್ಲ. ನಿಜವೇ. ಆದರೆ ಅದರಲ್ಲಿ ಗಾಳಿಯ ಒತ್ತಡ 100 ಪಿಎಸ್‌ಐಗೂ ಮೇಲೆ ಇರುತ್ತದೆ, ನಮ್ಮದರಲ್ಲಿ 33. ಅಷ್ಟು ಬಿಗಿಯಾದ ಟೈರ್ ಕಾರಿಗೆ ಹಾಕಿದರೆ ಕರ್ವೆ ರೋಡ್ ದಾಟುವಷ್ಟರಲ್ಲಿ ಅತ್ತೆಯ ಸೊಂಟದ ಬೆಲ್ಟ್ ಸಾಲುವುದಿಲ್ಲ.

ನಮ್ಮ ಮೈದುನನ ಕಥೆ ಬೇರೆ. ಅವನಿಗೆ ಗಟ್ಟಿ ಟೈರ್ ಬೇಡ, ಚೆಂದದ ಟೈರ್ ಬೇಕು. ಅವನ ಕಾರಿಗೆ ಕಂಪನಿಯವರು ಕೊಟ್ಟದ್ದು 165/80 ಆರ್ 14. ಅಂದರೆ ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅದರ 80 ಪರ್ಸೆಂಟ್, 132 ಮಿಲಿಮೀಟರ್, ರಿಮ್ 14 ಇಂಚು. ಅದನ್ನು ತೆಗೆಸಿ 195/55 ಆರ್ 16 ಹಾಕಿಸಿ, ಹೊಳೆಯುವ ಅಲಾಯ್ ವೀಲ್ ಕೂರಿಸಿದ. ಈಗ ಪಕ್ಕದ ಎತ್ತರ 107. ಒಂದು ಇಂಚು ಹೋಯಿತು. ಫೋಟೋ ಮಾತ್ರ ಭಾರೀ ಚೆನ್ನಾಗಿ ಬಂತು. ಮಳೆಗಾಲ ಶುರುವಾಯಿತು, ಸಿಂಹಗಡ ರೋಡಿನಲ್ಲಿ ನೀರು ತುಂಬಿದ ಗುಂಡಿಗೆ ಇಳಿದ, ಎದ್ದ. ಮನೆಗೆ ಬಂದಾಗ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ.

ಅಂಗಡಿಯವರು ಇದಕ್ಕೆ ಬಬಲ್ ಅನ್ನುತ್ತಾರೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರ್ ಸಿಕ್ಕಿ ಒಳಗಿನ ದಾರ ಕಟ್ ಆಗಿರುತ್ತದೆ, ಗಾಳಿ ಬರೀ ರಬ್ಬರನ್ನು ಹೊರಗೆ ತಳ್ಳುತ್ತದೆ. ಹೊರಗಿನಿಂದ ಒಂದು ಗೀರೂ ಇಲ್ಲ. ಮೈದುನ ಅದನ್ನು ಒತ್ತಿ ಒತ್ತಿ ನೋಡುತ್ತಾ, "ವೈನಿ, ತಾನಾಗೇ ಇಳೀಬಹುದಲ್ಲ?" ಅಂದ. ಬಾವು ಇಳಿಯಲು ಅರಿಶಿನ ಹಚ್ಚು ಅಂದೆ. ಅವನಿಗೆ ಸಿಟ್ಟು ಬಂತು.

ಮಳೆಗಾಲ ಇಂಥ ವಿಷಯದಲ್ಲಿ ಇನ್ನೂ ಕೆಟ್ಟದ್ದು. ಒದ್ದೆ ರಬ್ಬರ್ ಒಣ ರಬ್ಬರಿಗಿಂತ ಸಲೀಸಾಗಿ ಕಟ್ ಆಗುತ್ತದೆ. ಇಲ್ಲಿ ಬಾಣೇರ್, ವಾಕಡ್ ಕಡೆ ಎಲ್ಲಿ ನೋಡಿದರೂ ಕಟ್ಟಡದ ಕೆಲಸ, ಕರೀ ಕಲ್ಲಿನ ಖಡಿ ರಸ್ತೆಯ ಬದಿಗೆ ಚೆಲ್ಲಿರುತ್ತದೆ. ಈ ದಖ್ಖನ್ನಿನ ಕಲ್ಲು ಲಾವಾ ಆರಿ ಆದದ್ದು, ಒಡೆದರೆ ಅಂಚು ಚೂಪು. ಅದರ ಮೇಲೆ ನೀರು. ಟೈರ್ ಅಂಗಡಿಯವರಿಗೆ ಅದೇ ದೀಪಾವಳಿ.

ಮೈದುನ ಸೋಲು ಒಪ್ಪುವವನಲ್ಲ. ಮೊಬೈಲಿನಲ್ಲಿ ಹುಡುಕಿ ಹುಡುಕಿ, "ಕೆವ್ಲಾರ್ ಟೈರ್ ಬರುತ್ತೆ, ಗುಂಡು ಹೊಡೆದ್ರೂ ಏನಾಗಲ್ಲ" ಅಂತ ಬಂದ. ಗುಂಡಿನ ಮಾತು ಅವನೇ ಸೇರಿಸಿದ್ದು. ಕೆವ್ಲಾರ್ ದಾರದ ಕಥೆ ಮಾತ್ರ ನಿಜಕ್ಕೂ ಮಜವಾಗಿದೆ. ಅಮೆರಿಕದ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಎಂಬಾಕೆ 1965ರಲ್ಲಿ ಅದನ್ನು ಕಂಡುಹಿಡಿದರು. ಅವರು ಹುಡುಕುತ್ತಿದ್ದದ್ದು ಟೈರಿಗೆ ಹಾಕಲು ಹಗುರವಾದ, ಗಟ್ಟಿಯಾದ ದಾರ. ಸಿಕ್ಕಿದ್ದು ಮಬ್ಬು ಮಬ್ಬಾದ ಒಂದು ದ್ರಾವಣ. ಇದನ್ನು ಹಾಕಿದರೆ ಮಷೀನಿನ ತೂತು ಕಟ್ಟಿಕೊಳ್ಳುತ್ತೆ ಅಂತ ನೂಲು ತೆಗೆಯುವವನು ಮೊದಲು ಒಪ್ಪಲೇ ಇಲ್ಲ. ಆಕೆ ಪಟ್ಟು ಹಿಡಿದು ತೆಗೆಸಿದರು. ಟೈರಿಗೆ ಅಂತ ಹುಟ್ಟಿದ್ದು ಪೊಲೀಸರ ಎದೆಗವಚದಿಂದ ಹೆಸರು ಮಾಡಿತು. ಅದೇ ಜಾತಿಯ ದಾರವನ್ನು ಪಕ್ಕಕ್ಕೂ ಹಾಕುವ ಟೈರುಗಳು ಈಗ ಇವೆ. ಆದರೆ ಆ ದಾರಕ್ಕೆ ಎಳೆದರೆ ಎಷ್ಟು ಶಕ್ತಿಯೋ, ಅದುಮಿದರೆ ಅಷ್ಟಿಲ್ಲ. ಪಕ್ಕದ ಕೆಲಸ ಬಾಗುವುದೂ ಅದುಮಿಸಿಕೊಳ್ಳುವುದೂ ತಾನೇ? ಹಾಗಾಗಿ ಜೋಪಾನವಾಗಿ ಹಾಕಬೇಕು, ಬೆಲೆಯೂ ಹಾಗೇ.

ಗಂಡನ ಗೆಳೆಯರೊಬ್ಬರು ಪಕ್ಕಕ್ಕೆ ಮೂರು ಪದರ ಇರುವ, ಕಾಡಿಗೆ ಹೋಗುವ ಟೈರನ್ನೇ ಹಾಕಿಸಿದ್ದಾರೆ. ಕಾಡಿಗೆ ಹೋಗಿಲ್ಲ, ದಿನಾ ಹಿಂಜೆವಾಡಿಗೆ ಹೋಗುತ್ತಾರೆ. ಇನ್ನೂ ಸೈಡ್ ಕಟ್ ಆಗಿಲ್ಲ. ಅವರ ಕಾರಿನಲ್ಲಿ ಮಾತಾಡಬೇಕೆಂದರೆ ಕೂಗಬೇಕು, ಮೈಲೇಜ್ ಕೇಳಿದರೆ ವಿಷಯ ಬದಲಿಸುತ್ತಾರೆ.

ಮುಂದಿನ ಪ್ರಯೋಗ ಹಸಿರು ದ್ರವ. ಟೈರಿನೊಳಗೆ ಸುರಿದರೆ ಪಂಕ್ಚರ್ ತಾನೇ ಮುಚ್ಚಿಕೊಳ್ಳುತ್ತದೆ ಅನ್ನುತ್ತಾರಲ್ಲ, ಅದು. ಮೊಳೆಗೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಚಕ್ರ ತಿರುಗುವಾಗ ಅದು ನಡುವಿನ ಪಟ್ಟಿಗೇ ಹೋಗಿ ಅಂಟುತ್ತದೆ, ಪಕ್ಕಕ್ಕೆ ಬರುವುದಿಲ್ಲ. ಡಬ್ಬದ ಮೇಲೂ ಸಣ್ಣಕ್ಷರದಲ್ಲಿ ಬರೆದಿತ್ತು. ಓದಿದ್ದು ಟೈರ್ ಬಿಚ್ಚಿದ ಮೇಲೆ. ಬಿಚ್ಚಿದ ಹುಡುಗನ ಅಂಗಿ, ಪ್ಯಾಂಟು, ಒಂದು ಹುಬ್ಬು ಹಸಿರಾಗಿದ್ದವು. ತೊಳೆಯುವುದಕ್ಕೆ ಬೇರೆ ರೇಟು ಹೇಳಿದ.

ಅತ್ತೆಯದ್ದೂ ಒಂದು ಪಾಲಿದೆ. ಟೈರಿನ ಪಕ್ಕ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಕಾರ್ ತೊಳೆಯುವ ಹುಡುಗ ಮೈಗಳ್ಳ ಅಂತ ತೀರ್ಮಾನಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿಸಲು ಹೊರಟಿದ್ದರು. ಗಂಡ ಓಡಿ ಹೋಗಿ ತಡೆದರು. ಅದು ಕೊಳೆಯಲ್ಲ, ರಬ್ಬರ್ ಬಿರುಕು ಬಿಡಬಾರದು ಅಂತ ಕಂಪನಿಯವರು ಕಲೆಸಿದ ಮದ್ದು ನಿಧಾನಕ್ಕೆ ಮೇಲೆ ಬಂದಿರುವುದು. ಸೀಮೆಎಣ್ಣೆ ಬಿದ್ದರೆ ರಬ್ಬರೇ ಉಬ್ಬಿ ಮೆತ್ತಗಾಗುತ್ತದೆ. ಅತ್ತೆ ನಂಬಲಿಲ್ಲ. "ಕೊಳಿಗೂ ಒಂದು ಕಾರಣ ಹೇಳತಾನ ನಮ್ಮ ಮಗ" ಅಂದರು.

ಹೊಸ ಟೈರ್ ತರುವ ಮೊದಲು ಎಲ್ಲರೂ ಸೇರಿ ಪಾರ್ಕಿಂಗಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಿಡಿದು ನಿಂತಿರುವ ಕಾರುಗಳ ಟೈರ್ ಓದಿದೆವು. ಅದರ ಮೇಲೆ ಎಲ್ಲಾ ಬರೆದಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ. ನಡುವೆ ಎಷ್ಟು ಪದರ, ಪಕ್ಕಕ್ಕೆ ಎಷ್ಟು, ಯಾವ ದಾರ, ಯಾವ ವಾರ ತಯಾರಾಯಿತು. ಕೊನೆಯಲ್ಲಿ 2319 ಅಂತಿದ್ದರೆ 2019ರ 23ನೇ ವಾರ. ನಮ್ಮದರ ಪಕ್ಕಕ್ಕೆ ಒಂದೇ ಪದರ ಪಾಲಿಯೆಸ್ಟರ್. ಡಾಕ್ಟರ ಕಾರಿಗೆ ಎರಡು. ಮಾವನವರು ಎದ್ದು ನಿಂತು ನನ್ನ ಗಂಡನನ್ನು ಒಂದು ನೋಟ ನೋಡಿದರು. ಅಷ್ಟರಲ್ಲಿ ವಾಚ್‌ಮನ್ ಕೋಲು ಹಿಡಿದು ಓಡಿ ಬಂದ, ಹಾವು ಬಂದಿದೆ ಅಂದುಕೊಂಡು.

ಎರಡು ಪದರದ್ದೇ ತಂದೆವು, 14 ಇಂಚಿನ ಹಳೇ ಸೈಜಿನಲ್ಲೇ. ಹಳೇ ಟೈರನ್ನು ಅಂಗಡಿಯಲ್ಲೇ ಬಿಡಲು ಮಾವನವರು ಒಪ್ಪಲಿಲ್ಲ. ಕಾತ್ರಜ್ ಹತ್ತಿರ ಲಾರಿ ಟೈರಿಗೆ ಬಿಸಿ ಪ್ಯಾಚ್ ಹಾಕುವವನನ್ನು ಹುಡುಕಿ, ಒಳಗಿನಿಂದ ಅಂಗೈ ಅಗಲದ ಪ್ಯಾಚ್ ಹಾಕಿಸಿಕೊಂಡು ಬಂದರು. ಗಂಡ ಅದನ್ನು ಹಾಕಲು ಬಿಡುವುದಿಲ್ಲ, ಕಾರಿಗೆ ಅದು ಸೇಫ್ ಅಲ್ಲ. ಮಾವನವರು ಎಸೆಯಲು ಬಿಡುವುದಿಲ್ಲ. ಹಾಗಾಗಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲೆ ಅದೂ ಮಲಗಿದೆ. ಹುಬ್ಬಳ್ಳಿಗೆ ಹೋಗುವಾಗ ಬ್ಯಾಗುಗಳೆಲ್ಲ ಸೀಟಿಗೆ ಬಂದವು, ಅತ್ತೆ ರೊಟ್ಟಿ ಗಂಟನ್ನು ತೊಡೆ ಮೇಲೆ ಇಟ್ಟುಕೊಂಡು ಖಂಬಾಟ್ಕಿ ಘಾಟ್ ಇಳಿದರು. ಮಾವನವರು ಮುಂದಿನ ಸೀಟಿನಿಂದ ತಿರುಗಿ, "ಡಿಕ್ಕ್ಯಾಗ ಜಾಗ ಇಲ್ಲಂತ ಯಾಕ ಮುಖ ಊದಿಸ್ತಿ, ಕಟ್ ಆದಾಗ ಗೊತ್ತಾಗತೈತಿ" ಅಂದರು.